ಇಂಟರ್ನ್‌ಶಿಪ್ ಕೈತಪ್ಪಿದ್ದು ಯಾವ ಹಂತದಲ್ಲಿ?

(ಕಾಸರಗೋಡಿನ ಕಾಲೇಜೊಂದರಲ್ಲಿ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ಇಂದಿನ ವಿಷಯ ‘ಕನ್ಸಲ್ಟಿಂಗ್ ಕ್ಷೇತ್ರದ ಉಜ್ವಲ ಅವಕಾಶಗಳು’ ಎಂದು ಅಚ್ಚಾಗಿದೆ. ‘ಉಜ್ವಲ’ದ ಹೊಣೆ ನನ್ನದಲ್ಲ, ಅದು ಮುದ್ರಣಾಲಯದವರು ಎಲ್ಲ ಆಮಂತ್ರಣಕ್ಕೂ ಸೇರಿಸುವ ಅಲಂಕಾರ. ನಿಮ್ಮ ಉಪನ್ಯಾಸಕರು ಫೋನಿನಲ್ಲಿ ನನಗೆ ಹೇಳಿದ ಸಂಗತಿಯೇ ಬೇರೆ. ಇಲ್ಲಿ ಕುಳಿತವರಲ್ಲಿ ಹಲವರು ಬೇಸಗೆಯ ಇಂಟರ್ನ್‌ಶಿಪ್‌ಗೆಂದು ದೊಡ್ಡ ದೊಡ್ಡ ಸಲಹಾ ಸಂಸ್ಥೆಗಳಿಗೆ ಅರ್ಜಿ ಹಾಕಿದ್ದೀರಿ. ಹೆಚ್ಚಿನವರಿಗೆ ಉತ್ತರವೇ ಬಂದಿಲ್ಲ. ಬಂದವರಿಗೆ ‘ವಿಷಾದಿಸುತ್ತೇವೆ’ ಎಂಬ ಎರಡು ಸಾಲು ಬಂದಿದೆ. ‘ಇದು ನಮ್ಮಂಥವರಿಗೆ ಆಗುವ ಕೆಲಸವಲ್ಲ’ ಎಂದು ಕೆಲವರು ತೀರ್ಮಾನಿಸಿಯೂ ಆಗಿದೆಯಂತೆ. ಅಷ್ಟು ಅವಸರ ಬೇಡ ಎಂದು ಹೇಳಲು ಬಂದಿದ್ದೇನೆ.

ಈ ಉದ್ಯೋಗ ಏನೆಂಬುದನ್ನು ಮೊದಲು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಒಂದು ಕಂಪನಿಯೋ ಸರಕಾರವೋ ತನ್ನಿಂದ ಬಗೆಹರಿಯದ ಪ್ರಶ್ನೆಯೊಂದನ್ನು ಹೊರಗಿನವರಿಗೆ ಕೊಟ್ಟು, ಲೆಕ್ಕ ಹಾಕಿಸಿ, ದಾರಿ ಕೇಳಿ, ಅದಕ್ಕೆ ಹಣ ಕೊಡುತ್ತದೆ. ಅಮೆರಿಕದಲ್ಲಿ 1886ರಲ್ಲಿ ಆರ್ಥರ್ ಡಿ. ಲಿಟಲ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ವೃತ್ತಿಯಾಗಿಸಿದರು. 1926ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತಿದ್ದ ಜೇಮ್ಸ್ ಮೆಕಿನ್ಸೆ ತಮ್ಮ ಹೆಸರಿನ ಸಂಸ್ಥೆ ತೆರೆದರು. ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ 1963ರದು, ಬೇನ್ 1973ರದು. ಅದೇ 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಎರಡಕ್ಕೂ ಸಂಬಂಧವಿಲ್ಲ, ಆದರೆ ಕ್ಯಾಂಪ್ಕೊ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಅರ್ಜಿಗಳಿಗೆ ಬರೋಣ. ಈ ಸಂಸ್ಥೆಗಳು ಇಂಟರ್ನ್‌ಗಳನ್ನು ಹುಡುಕುವುದು ಬಹುಪಾಲು ಆಯ್ದ ಕೆಲವು ಕ್ಯಾಂಪಸ್‌ಗಳಲ್ಲಿ: ಐಐಎಂ, ಐಐಟಿ, ದೆಹಲಿಯ ಒಂದೆರಡು ವಾಣಿಜ್ಯ ಕಾಲೇಜುಗಳು. ಅಲ್ಲಿ ಬೇಸಗೆಯ ಎರಡು ತಿಂಗಳು ದುಡಿದವರಲ್ಲಿ ಒಳ್ಳೆಯವರಿಗೆ ಓದು ಮುಗಿಯುವ ಮೊದಲೇ ಕೆಲಸದ ಪತ್ರ ಸಿಗುತ್ತದೆ. ಹೊರಗಿನ ಕಾಲೇಜುಗಳವರಿಗೆ ಉಳಿಯುವುದು ವೆಬ್‌ಸೈಟಿನ ಅರ್ಜಿ ನಮೂನೆ ಮತ್ತು ಒಳಗಿರುವವರ ಶಿಫಾರಸು. ವೆಬ್‌ಸೈಟಿಗೆ ಬಂದು ಬೀಳುವ ಅರ್ಜಿಗಳ ರಾಶಿಯಲ್ಲಿ ಒಂದೊಂದನ್ನು ನೋಡಲು ಸಿಗುವ ಸಮಯ ಅರೆ ನಿಮಿಷವೂ ಇಲ್ಲ. ಆದ್ದರಿಂದ ನಿಮಗೆ ಉತ್ತರವೇ ಬಾರದಿದ್ದರೆ ನಿಮ್ಮ ಯೋಗ್ಯತೆಯನ್ನು ಯಾರೂ ತೂಗಿ ನೋಡಿಯೇ ಇಲ್ಲ ಎಂದು ತಿಳಿಯಿರಿ. ಸಂದರ್ಶನದವರೆಗೆ ಹೋಗಿ ಸೋತವರ ಕತೆ ಬೇರೆ. ಇವೆರಡನ್ನೂ ‘ರಿಜೆಕ್ಟ್ ಆಯಿತು’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ನಮ್ಮ ಹುಡುಗರ ದೊಡ್ಡ ಕೆಟ್ಟ ಅಭ್ಯಾಸ. ಜ್ವರ ಬಂದಿದೆ ಎಂದಷ್ಟೇ ಹೇಳಿದರೆ ಯಾವ ವೈದ್ಯರೂ ಔಷಧಿ ಬರೆದು ಕೊಡುವುದಿಲ್ಲವಲ್ಲ.

ಆಯ್ಕೆಗೆ ಸಾಮಾನ್ಯವಾಗಿ ನಾಲ್ಕು ಹಂತ: ಬಯೋಡೇಟಾ, ಆನ್‌ಲೈನ್ ಪರೀಕ್ಷೆ, ‘ಕೇಸ್’ ಎಂದು ಕರೆಯುವ ಸಮಸ್ಯೆ ಬಿಡಿಸುವ ಸಂದರ್ಶನ, ಕೊನೆಗೆ ನಿಮ್ಮ ಸ್ವಭಾವ ಮತ್ತು ಅನುಭವದ ಬಗ್ಗೆ ಮಾತುಕತೆ. ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲವು ಕಡೆ ಅದು ಬ್ಯಾಂಕ್ ಪರೀಕ್ಷೆಯಂಥ ಲೆಕ್ಕ, ಕೆಲವು ಕಡೆ ಕಂಪ್ಯೂಟರ್ ಆಟದ ರೂಪದಲ್ಲಿರುತ್ತದೆ. ಮೆಕಿನ್ಸೆಯ ‘ಸಾಲ್ವ್’ನಲ್ಲಿ ಯಾವ ಪ್ರಾಣಿ ಯಾವುದನ್ನು ತಿಂದು ಬದುಕುತ್ತದೆ ಎಂದು ನೋಡಿ ಒಂದು ಜೀವಪರಿಸರ ಕಟ್ಟುವ ಆಟ ಪ್ರಸಿದ್ಧವಾಯಿತು. ಶೇಕಡಾವಾರು, ಅನುಪಾತ, ಕೋಷ್ಟಕ ಓದುವುದು ಕೈಗೆ ಹತ್ತಿದ್ದರೆ ಇದರ ಬಹುಭಾಗ ದಾಟುತ್ತದೆ.

ಬಯೋಡೇಟಾದಲ್ಲಿ ಸ್ವಲ್ಪ ನಿಲ್ಲಬೇಕು. ನಿಮ್ಮಲ್ಲಿ ಕೆಲವರು ನನಗೆ ಮೊದಲೇ ಕಳುಹಿಸಿದ್ದನ್ನು ಓದಿದ್ದೇನೆ. ‘ಕಠಿಣ ಪರಿಶ್ರಮಿ, ತಂಡದಲ್ಲಿ ಬೆರೆಯುವ ಗುಣ, ಕಲಿಯುವ ಆಸಕ್ತಿ’ ಎಂಬ ಸಾಲು ಎಲ್ಲದರಲ್ಲೂ ಇದೆ. ಎಲ್ಲರಲ್ಲೂ ಇರುವ ಸಾಲು ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಒಬ್ಬರು ‘ಎನ್‌ಎಸ್‌ಎಸ್ ಶಿಬಿರದಲ್ಲಿ ಭಾಗವಹಿಸಿದ್ದೇನೆ’ ಎಂದು ಬರೆದಿದ್ದರು. ಶಿಬಿರದಲ್ಲಿ ನಿಮ್ಮ ಕೆಲಸ ಏನಿತ್ತು ಎಂದು ಕೇಳಿದೆ. ಅಡುಗೆ ಉಸ್ತುವಾರಿಯಂತೆ. ಏಳು ದಿನ, ಐವತ್ತು ಮಂದಿ, ಮೂರು ಹೊತ್ತಿನ ಊಟ. ಪಂಚಾಯತಿನಿಂದ ಅಕ್ಕಿ, ಊರವರಿಂದ ತೆಂಗಿನಕಾಯಿ ಮತ್ತು ತರಕಾರಿ ಸಂಗ್ರಹ. ಮೂರನೆಯ ದಿನವೇ ಅನ್ನ ಮಿಕ್ಕುತ್ತಿರುವುದನ್ನು ಕಂಡು ರಾತ್ರಿಯ ಅಳತೆ ಇಳಿಸಿ, ಉಳಿದ ಹಣದಲ್ಲಿ ಕೊನೆಯ ದಿನ ಪಾಯಸ ಮಾಡಿಸಿದ್ದರು. ಇಷ್ಟನ್ನೂ ಬಿಟ್ಟು ‘ಭಾಗವಹಿಸಿದ್ದೇನೆ’ ಎಂದು ಬರೆಯುವ ಸಂಕೋಚ ನಮ್ಮ ಊರಿನ ಗುಣ. ಸಂಕೋಚ ಒಳ್ಳೆಯದೇ, ಆದರೆ ಅದನ್ನು ಮದುವೆಮನೆಯ ಊಟದ ಪಂಕ್ತಿಗೆ ಇಟ್ಟುಕೊಳ್ಳಿ. ಬಯೋಡೇಟಾದ ಪ್ರತಿ ಸಾಲಿನಲ್ಲಿ ನೀವು ಏನು ಮಾಡಿದಿರಿ, ಎಷ್ಟು, ಅದರಿಂದ ಏನಾಯಿತು, ಈ ಮೂರೂ ಇರಬೇಕು.

ಇನ್ನು ಕೇಸ್ ಸಂದರ್ಶನ. ಇದರಲ್ಲೇ ಹೆಚ್ಚಿನವರು ಎಡವುವುದು, ಇದಕ್ಕೇ ಹೆಚ್ಚಿನವರು ಹೆದರುವುದು. ಪುಸ್ತಕಗಳಲ್ಲಿ ಸಿಗುವ ಉದಾಹರಣೆಗಳೆಲ್ಲ ವಿಮಾನಯಾನ, ಕಾಫಿ ಅಂಗಡಿ ಸರಣಿ, ಗಾಲ್ಫ್ ಚೆಂಡು. ಗಾಲ್ಫ್ ಮೈದಾನವನ್ನು ಕಾಣದ ಹುಡುಗ ಗಾಲ್ಫ್ ಚೆಂಡಿನ ಮಾರುಕಟ್ಟೆ ಅಂದಾಜಿಸುತ್ತ ಕುಳಿತುಕೊಳ್ಳಬೇಕಾಗಿಲ್ಲ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆಲ್ಲ ಗೊತ್ತಿರುವ ಒಂದು ಉದ್ಯಮವನ್ನು ತೆಗೆದುಕೊಳ್ಳೋಣ: ಅಡಿಕೆ ಮರದಿಂದ ಬೀಳುವ ಸೋಗೆಯ ಬುಡದ ಅಗಲವಾದ ಹಾಳೆಯನ್ನು ಅಚ್ಚಿನಲ್ಲಿ ಒತ್ತಿ ಊಟದ ತಟ್ಟೆ ಮಾಡುವುದು.

‘ಹಾಳೆ ತಟ್ಟೆ ಮಾಡುವ ಘಟಕವೊಂದರ ಲಾಭ ಎರಡು ವರ್ಷದಿಂದ ಇಳಿಯುತ್ತಿದೆ. ಮಾಲೀಕರಿಗೆ ಏನು ಸಲಹೆ ಕೊಡುತ್ತೀರಿ?’

ಈ ಪ್ರಶ್ನೆಯನ್ನು ಇದೇ ಸಭೆಯಲ್ಲಿ ಕೇಳಿದಾಗ ಮೊದಲು ಬಂದ ಉತ್ತರಗಳು: ಆನ್‌ಲೈನಿನಲ್ಲಿ ಮಾರಬೇಕು, ಜಾಹೀರಾತು ಕೊಡಬೇಕು, ಸಾಲ ತೆಗೆದು ಹೊಸ ಯಂತ್ರ ಹಾಕಬೇಕು. ಯಾಕೆ ಇಳಿಯುತ್ತಿದೆ ಎಂದು ಯಾರೂ ಕೇಳಲಿಲ್ಲ. ಸಂದರ್ಶಕರು ಕಾಯುವುದು ಆ ಪ್ರಶ್ನೆಗಾಗಿಯೇ.

ಲಾಭವೆಂದರೆ ಬಂದದ್ದರಿಂದ ಖರ್ಚು ಕಳೆದದ್ದು. ಬಂದದ್ದೆಂದರೆ ತಟ್ಟೆಯ ದರ ಗುಣಿಸು ಮಾರಾಟವಾದ ತಟ್ಟೆಗಳ ಸಂಖ್ಯೆ. ಖರ್ಚಿನಲ್ಲಿ ಹಾಳೆ, ಕೂಲಿ, ಕರೆಂಟು, ಸಾಗಾಟ ಇವು ಉತ್ಪಾದನೆಯೊಂದಿಗೆ ಏರುವಂಥವು. ಬಾಡಿಗೆ, ಸಾಲದ ಕಂತು ಎಷ್ಟು ಮಾಡಿದರೂ ಅಷ್ಟೇ. ಹೀಗೆ ವಿಂಗಡಿಸುವಾಗ ಒಂದು ಇನ್ನೊಂದರ ಮೇಲೆ ಬೀಳಬಾರದು, ನಡುವೆ ಸಂದೂ ಉಳಿಯಬಾರದು. ಮೆಕಿನ್ಸೆಯಲ್ಲಿದ್ದ ಬಾರ್ಬರಾ ಮಿಂಟೊ ಈ ನಿಯಮಕ್ಕೆ ಹೆಸರಿಟ್ಟು ಜಗತ್ಪ್ರಸಿದ್ಧಗೊಳಿಸಿದರು. ಅಷ್ಟಾದ ಮೇಲೆ ಇವುಗಳಲ್ಲಿ ಯಾವುದು ಬದಲಾಗಿದೆ ಎಂದು ಕೇಳಬೇಕು. ಸಂದರ್ಶಕರು ‘ದರ ಇಳಿದಿಲ್ಲ, ಆರ್ಡರ್ ಇದೆ, ಆದರೆ ತಟ್ಟೆ ಸಾಕಷ್ಟು ತಯಾರಾಗುತ್ತಿಲ್ಲ’ ಎಂದರು ಎಂದಿಟ್ಟುಕೊಳ್ಳಿ. ಯಂತ್ರ ಕಡಿಮೆಯೇ, ಹಾಳೆ ಕಡಿಮೆಯೇ? ಲೆಕ್ಕ ಹಾಕೋಣ.

ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಶಿಫಾರಸು ಮಾಡುವ ಅಡಿಕೆ ಗಿಡಗಳ ಅಂತರ 2.7 ಮೀಟರ್‌ಗೆ 2.7 ಮೀಟರ್, ಅಂದರೆ ಹತ್ತಿರ ಹತ್ತಿರ ಒಂಬತ್ತು ಅಡಿ. ಎಕರೆಗೆ ಸುಮಾರು 550 ಮರ. ಮರವೊಂದರಿಂದ ವರ್ಷಕ್ಕೆ ಐದು ಹಾಳೆ ಬೀಳುತ್ತದೆ ಎಂದು ಹಿಡಿದರೆ ಎಕರೆಗೆ 2,750 ಹಾಳೆ. ಮಳೆಗಾಲದಲ್ಲಿ ಬಿದ್ದದ್ದು ಬೂಷ್ಟು ಹಿಡಿಯುತ್ತದೆ, ಸ್ವಲ್ಪ ಹರಿದಿರುತ್ತದೆ, ಸ್ವಲ್ಪವನ್ನು ಹೆಕ್ಕುವವರಿಲ್ಲ. ಅರ್ಧ ಕೈಗೆ ಸಿಕ್ಕಿತೆನ್ನೋಣ: 1,375. ಹಾಳೆಯೊಂದಕ್ಕೆ ಎರಡು ತಟ್ಟೆಯಂತೆ ಎಕರೆಗೆ 2,750 ತಟ್ಟೆ. ಘಟಕ ದಿನಕ್ಕೆ ಸಾವಿರ ತಟ್ಟೆಯಂತೆ ವರ್ಷದಲ್ಲಿ 250 ದಿನ ನಡೆಯಬೇಕಾದರೆ ಎರಡೂವರೆ ಲಕ್ಷ ತಟ್ಟೆ ಬೇಕು; ಅದಕ್ಕೆ ಸುಮಾರು 90 ಎಕರೆ ತೋಟದ ಹಾಳೆ ಬೇಕು. ಮನೆಯೊಂದಕ್ಕೆ ಎರಡೆಕರೆ ತೋಟ ಎಂದರೆ 45 ಮನೆ.

ಈ 45 ಎಂಬ ಸಂಖ್ಯೆ ಬಂದ ಕೂಡಲೇ ಪ್ರಶ್ನೆಯ ಮುಖವೇ ತಿರುಗಿತು. ಯಂತ್ರಕ್ಕೆ ಸಾಲ ತೆಗೆಯುವ ಮಾತು ಹಿಂದೆ ಸರಿಯಿತು. 45 ಮನೆಗಳಿಂದ ಒಣ ಹಾಳೆಯನ್ನು ಬೇಸಗೆಯಲ್ಲೇ ಸಂಗ್ರಹಿಸಿ, ಮಳೆಗಾಲಕ್ಕೆ ದಾಸ್ತಾನು ಇಡುವುದು ಹೇಗೆ? ಪಿಕಪ್ ವಾರಕ್ಕೆ ಎಷ್ಟು ಸಲ ಹೋಗಬೇಕು? ಹಾಳೆ ಹೆಕ್ಕಿ ಕಟ್ಟಿ ಇಡುವವರಿಗೆ ಎಷ್ಟು ಕೊಟ್ಟರೆ ಅವರು ಅದನ್ನು ಒಲೆಗೆ ಹಾಕದೆ ತೆಗೆದಿಡುತ್ತಾರೆ? ಇದು ಕನ್ಸಲ್ಟಿಂಗ್. ನಾನು ಹಿಡಿದ ಅಂಕಿಗಳು ಅಂದಾಜಿನವು. ‘ಅರ್ಧ’ ಎಂದದ್ದು ಮೂರರಲ್ಲೊಂದು ಆದರೆ ಮನೆಗಳ ಸಂಖ್ಯೆ 68ಕ್ಕೆ ಏರುತ್ತದೆ ಎಂದು ನೀವೇ ಬಾಯಿಬಿಟ್ಟು ಹೇಳಿದರೆ ಸಂದರ್ಶಕರಿಗೆ ಇನ್ನೂ ಇಷ್ಟ.

ಅದೇ ಸಂದರ್ಶಕರು ‘ಆರ್ಡರ್ ಇಳಿದಿದೆ’ ಎಂದಿದ್ದರೆ? ಆಗ ಸುದ್ದಿ ಓದಿದವರಿಗೆ ಲಾಭ. ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳಿಂದ ಆಲ್ಕಲಾಯ್ಡ್ ಎಂಬ ಸಸ್ಯ ರಾಸಾಯನಿಕಗಳು ಆಹಾರಕ್ಕೆ ಸೇರಬಹುದು, ಇವುಗಳ ಬಳಕೆಗೆ ಸಮ್ಮತಿ ಇಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ಎಚ್ಚರಿಸಿತು. ರಫ್ತು ನೆಚ್ಚಿಕೊಂಡ ಘಟಕಕ್ಕೂ ಊರಿನ ಮದುವೆ, ಉಪನಯನ ನೆಚ್ಚಿಕೊಂಡ ಘಟಕಕ್ಕೂ ಕೊಡುವ ಸಲಹೆ ಅಲ್ಲಿಂದ ಬೇರೆ ಬೇರೆಯಾಗುತ್ತದೆ.

ಇಂಗ್ಲಿಷಿನಲ್ಲಿ ಹೀಗೆ ಮಾತಾಡಲು ಬರುವುದಿಲ್ಲ ಎಂದು ಕನ್ನಡ ಮಾಧ್ಯಮದಿಂದ ಬಂದವರು ಅಂಜುತ್ತೀರಿ. ಉಚ್ಚಾರಕ್ಕೆ ಅಲ್ಲಿ ಅಂಕವಿಲ್ಲ. ಮಾತಿನ ಕ್ರಮಕ್ಕೆ ಅಂಕವಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ಎಷ್ಟು ದೂರ? ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಸಂಗ ಗೊತ್ತು, ಪದ್ಯ ಗೊತ್ತು. ಇದಿರಿಗೆ ಕುಳಿತ ಅರ್ಥಧಾರಿ ಯಾವ ಸಂದಿಯಿಂದ ಪ್ರಶ್ನೆ ಎತ್ತುತ್ತಾನೆ ಎಂಬುದು ಮಾತ್ರ ಗೊತ್ತಿಲ್ಲ. ಬಾಯಿಪಾಠ ಮಾಡಿಕೊಂಡು ಬಂದವನು ಎರಡನೆಯ ಪ್ರಶ್ನೆಗೇ ತಡವರಿಸುತ್ತಾನೆ. ಪಾತ್ರದ ನಿಲುವು ಹಿಡಿದವನು ಮಾತನ್ನು ಅಲ್ಲೇ ಕಟ್ಟುತ್ತಾನೆ. ಕೇಸಿಗೂ ಅಭ್ಯಾಸ ಹಾಗೆಯೇ ಆಗಬೇಕು: ಇಬ್ಬರು ಕುಳಿತು, ಒಬ್ಬರು ಕೇಳಿ ಒಬ್ಬರು ಬಿಡಿಸಿ, ಅರ್ಧ ಗಂಟೆಗೊಮ್ಮೆ ಪಾತ್ರ ಬದಲಿಸಿ. ಒಬ್ಬರೇ ಕುಳಿತು ಯೂಟ್ಯೂಬ್ ನೋಡುವುದು ಅಭ್ಯಾಸವಲ್ಲ. ಮೊದಲ ಕೆಲವು ಸಲ ಕನ್ನಡದಲ್ಲೇ ಬಿಡಿಸಿ, ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ.

ಒಂದು ಎಚ್ಚರಿಕೆಯ ಮಾತು. ಸಂದರ್ಶನದಲ್ಲಿ ಸೋತವರನ್ನು ಹೆಚ್ಚಿನ ಸಂಸ್ಥೆಗಳು ಒಂದೆರಡು ವರ್ಷ ಮತ್ತೆ ಪರಿಗಣಿಸುವುದಿಲ್ಲ. ಆದ್ದರಿಂದ ತಯಾರಿಯಿಲ್ಲದೆ ‘ಒಂದು ಕೈ ನೋಡೋಣ’ ಎಂದು ಹೋಗುವುದಕ್ಕೂ ಬೆಲೆ ತೆರಬೇಕಾಗುತ್ತದೆ.

ನಾಲ್ಕನೆಯ ಹಂತದಲ್ಲಿ ಕೇಳುವುದು ಇಂಥವನ್ನು: ನೀವು ಮುಂದಾಳಾಗಿ ಏನು ಮಾಡಿದ್ದೀರಿ, ಒಪ್ಪದವರನ್ನು ಹೇಗೆ ಒಪ್ಪಿಸಿದ್ದೀರಿ. ಇದಕ್ಕೆ ಉತ್ತರ ಬೇಕಾದರೆ ಏನನ್ನಾದರೂ ಮಾಡಿರಬೇಕು. ಇಂಟರ್ನ್‌ಶಿಪ್ ಸಿಗದೆ ಖಾಲಿ ಉಳಿದ ಎರಡು ತಿಂಗಳನ್ನು ಬಳಸಬೇಕಾದದ್ದು ಇಲ್ಲಿ.

ನನಗೆ ಪರಿಚಯದ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಹಾಳೆ ತಟ್ಟೆ ಘಟಕಕ್ಕೆ ಹೋಗಿ ‘ಮಾವ, ನನಗೊಂದು ಇಂಟರ್ನ್‌ಶಿಪ್ ಕೊಡುತ್ತೀರಾ?’ ಎಂದು ಕೇಳಿದಳು. ಅವರು ನಕ್ಕು, ‘ಮಗಳೇ, ನನಗೇ ಇಲ್ಲಿ ಸಂಬಳವಿಲ್ಲ’ ಎಂದರು. ಮರುವಾರ ಪ್ರಶ್ನೆ ಬದಲಿಸಿಕೊಂಡು ಹೋದಳು: ‘ತಿಂಗಳ ಕೊನೆಗೆ ನಿಮಗೆ ತಾಳೆಯಾಗದ ಲೆಕ್ಕ ಯಾವುದು?’ ಅವರು ಒಳಗಿನಿಂದ ಒಂದು ಹಳೆಯ ಡೈರಿ ತಂದಿಟ್ಟರು. ತಂದ ಹಾಳೆ ಎಷ್ಟು ಎಂದು ಬರೆದಿತ್ತು, ಮಾರಿದ ತಟ್ಟೆ ಎಷ್ಟು ಎಂದು ಬರೆದಿತ್ತು, ನಡುವೆ ಹಾಳಾದದ್ದು ಎಷ್ಟು ಎಂಬುದು ಎಲ್ಲಿಯೂ ಇರಲಿಲ್ಲ. ಅವಳು ಗೋಡೆಗೆ ಒಂದು ಕಾಗದ ಅಂಟಿಸಿ, ಒಡೆದದ್ದು, ಬೂಷ್ಟು ಹಿಡಿದದ್ದು, ಅಚ್ಚಿನಲ್ಲಿ ಕರಟಿದ್ದು ಎಂದು ಮೂರು ಕಾಲಂ ಎಳೆದಳು. ಕೆಲಸದ ಹೆಂಗಸರು ಪ್ರತಿ ಸಲ ಒಂದು ಗೆರೆ ಹಾಕಿದರಾಯಿತು. ಕರಟುತ್ತಿದ್ದದ್ದರಲ್ಲಿ ಹೆಚ್ಚಿನದು ಒಂದೇ ಅಚ್ಚಿನದು ಎಂದು ಕೆಲವೇ ದಿನಗಳಲ್ಲಿ ತಿಳಿಯಿತು. ಅದರ ಶಾಖ ನಿಯಂತ್ರಕ ಕೆಟ್ಟಿತ್ತು. ಬಯೋಡೇಟಾದಲ್ಲಿ ಈಗ ಅವಳಿಗೆ ಬರೆಯಲು ಒಂದು ಸಾಲು ಇದೆ, ಸಂದರ್ಶನದಲ್ಲಿ ಹೇಳಲು ಹತ್ತು ನಿಮಿಷದ ಮಾತಿದೆ, ಮಾಲೀಕರ ಸಹಿಯಿರುವ ಪತ್ರವೂ ಇದೆ.

ಇದರ ಬದಲು ನಿಮಗೆ ವಾಟ್ಸ್‌ಆ್ಯಪಿನಲ್ಲಿ ಬರುವ ಜಾಹೀರಾತುಗಳನ್ನು ನೋಡಿದ್ದೇನೆ. ಮೂರು ಸಾವಿರ ಕಟ್ಟಿದರೆ ಮನೆಯಲ್ಲೇ ಕನ್ಸಲ್ಟಿಂಗ್ ಇಂಟರ್ನ್‌ಶಿಪ್, ಜೊತೆಗೆ ಪ್ರಮಾಣಪತ್ರ! ಕೆಲಸ ಮಾಡುವವನೇ ಹಣ ಕಟ್ಟುವ ಕೆಲಸವನ್ನು ಕೆಲಸವೆನ್ನುವುದಿಲ್ಲ. ಆಯ್ಕೆ ಮಾಡುವವರಿಗೆ ಆ ಕಾಗದದ ಬೆಲೆ ಚೆನ್ನಾಗಿ ಗೊತ್ತಿದೆ. ಕೇಂದ್ರ ಸರಕಾರ 2024ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನು ಮಾತ್ರ ಗಮನದಲ್ಲಿಡಿ. ಅದು 21ರಿಂದ 24 ವರ್ಷದವರಿಗೆ, ಪೂರ್ಣಾವಧಿ ಓದುತ್ತಿರುವವರಿಗೆ ಇಲ್ಲ ಎಂಬ ನಿಯಮದೊಂದಿಗೆ ಶುರುವಾಯಿತು. ಆದ್ದರಿಂದ ಪದವಿ ಮುಗಿಸಿದ ವರ್ಷಕ್ಕೆ ಅದು ಉಪಯೋಗಕ್ಕೆ ಬರುತ್ತದೆ.

ಕ್ಯಾಂಪ್ಕೊ ವಿಚಾರ ಬಾಕಿ ಇದೆ. ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಕಟ್ಟಿದ ಸಹಕಾರಿ ಸಂಸ್ಥೆ ಅದು. ಮುಂದೆ ಕೊಕ್ಕೋ ಬೆಳೆದವರಿಗೆ ಕೊಳ್ಳುವವರಿಲ್ಲದ ಕಾಲ ಬಂದಾಗ ಬೀಜ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಹಾಕಿತು. ಬೀಜ ಮಾರುವುದೋ, ಚಾಕೊಲೇಟ್ ಮಾಡುವುದೋ? ಸದಸ್ಯರಿಗೆ ಹೆಚ್ಚು ಧಾರಣೆ ಕೊಡುವುದೋ, ಕಾರ್ಖಾನೆಗೆ ಹಣ ಉಳಿಸುವುದೋ? ನಿಮ್ಮ ಅಜ್ಜಂದಿರು ಷೇರು ಹಾಕಿದ ಸಂಸ್ಥೆಯ ಈ ಪ್ರಶ್ನೆಗಳನ್ನು ಕುಳಿತು ಬಿಡಿಸಿ ನೋಡಿ. ವಾರ್ಷಿಕ ವರದಿ ಸದಸ್ಯರಿದ್ದ ಮನೆಗಳಲ್ಲಿ ಸಿಗುತ್ತದೆ, ಹೆಚ್ಚಾಗಿ ಬಿಚ್ಚದ ಲಕೋಟೆಯಲ್ಲೇ.

ಇನ್ನು ಒಳಗೆ ಹೋಗುವ ದಾರಿಗಳು. ಮೆಕಿನ್ಸೆ, ಬಾಸ್ಟನ್, ಬೇನ್ ಎಂಬ ದೊಡ್ಡ ಮೂರು ಸಂಸ್ಥೆಗಳ ಮುಂಬಾಗಿಲಿನ ಮುಂದೆಯೇ ನಿಲ್ಲಬೇಡಿ. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಇವುಗಳಲ್ಲಿ ಸಲಹೆ, ತೆರಿಗೆ, ಅಪಾಯ ಪರಿಶೀಲನೆ ಎಂದು ಹತ್ತಾರು ವಿಭಾಗಗಳಿವೆ. ಬೆಂಗಳೂರು, ಹೈದರಾಬಾದಿನ ಅವುಗಳ ಕೇಂದ್ರಗಳಿಗೆ ವಾಣಿಜ್ಯ ಪದವೀಧರರೂ ಹೋಗುತ್ತಾರೆ. ಸಂಶೋಧನಾ ವಿಶ್ಲೇಷಕರ ಕೆಲಸದಿಂದ ಶುರುಮಾಡಿ ಕೆಲವು ವರ್ಷಗಳಲ್ಲಿ ಸಲಹೆಗಾರರಾದವರಿದ್ದಾರೆ. ಸರಕಾರಿ ಯೋಜನೆಗಳ ನಿರ್ವಹಣಾ ಘಟಕಗಳನ್ನು ನಡೆಸುವುದೂ ಬಹುಪಾಲು ಇದೇ ಸಂಸ್ಥೆಗಳು. 2020ರಲ್ಲಿ ಕೇಂದ್ರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಾಗ, ಅವಕ್ಕೆ ವ್ಯವಹಾರದ ದಾರಿ ತೋರಿಸಲು ಬೇರೆ ಸಂಸ್ಥೆಗಳನ್ನು ನೇಮಿಸುವ ಏರ್ಪಾಡನ್ನೂ ಮಾಡಿತು. ಅದು ಅಪ್ಪಟ ಸಲಹಾ ಕೆಲಸ, ಕೋಟು ಟೈ ಇಲ್ಲ ಅಷ್ಟೇ.

ಇಂಥಲ್ಲಿ ನಿಮಗಿರುವ ಒಂದು ಬಲವನ್ನು ನೀವು ಬಯೋಡೇಟಾದ ಕೊನೆಯ ಸಾಲಿನಲ್ಲಿ, ‘ಬಲ್ಲ ಭಾಷೆಗಳು’ ಎಂಬಲ್ಲಿ ಹೂತಿಟ್ಟಿದ್ದೀರಿ. ಕರ್ನಾಟಕ-ಕೇರಳ ಗಡಿಯ ತಲಪಾಡಿಯ ಆಚೆಗಿನ ಪಹಣಿಯನ್ನೂ ಈಚೆಗಿನ ಗ್ರಾಮ ಕಚೇರಿಯ ಮಲಯಾಳಂ ಕಡತವನ್ನೂ ಓದಿ, ತುಳುವಿನಲ್ಲಿ ರೈತರನ್ನು ಮಾತಾಡಿಸಿ, ಇಂಗ್ಲಿಷಿನಲ್ಲಿ ವರದಿ ಬರೆಯಬಲ್ಲವರು ಬೆಂಗಳೂರಿನಲ್ಲೂ ಕೊಚ್ಚಿಯಲ್ಲೂ ಹುಡುಕಿದರೆ ಸಿಗುವುದಿಲ್ಲ. ಗಡಿಯಲ್ಲಿ ಹುಟ್ಟಿದ್ದರಿಂದ ನಾವು ಅನುಭವಿಸಿದ ತೊಂದರೆಗಳ ಪಟ್ಟಿ ಉದ್ದವಿದೆ, ಅದನ್ನು ಬೇರೆ ವೇದಿಕೆಯಲ್ಲಿ ಹೇಳೋಣ. ಇದೊಂದು ಲಾಭವನ್ನಾದರೂ ಬಯೋಡೇಟಾದ ಮೇಲಿನ ಅರ್ಧಕ್ಕೆ ತನ್ನಿ.

ಪರಿಚಯವಿಲ್ಲದ ಹಿರಿಯರಿಗೆ ಬರೆಯುವಾಗ ‘ಸರ್, ನನಗೊಂದು ಕೆಲಸ ಕೊಡಿಸಿ’ ಎಂದು ಬರೆಯಬೇಡಿ, ಓದಿದವರಿಗೆ ಮುಜುಗರವಾಗಿ ಸುಮ್ಮನಾಗುತ್ತಾರೆ. ‘ನಾನು ಹೀಗೊಂದು ಕೆಲಸ ಮಾಡಿದ್ದೇನೆ, ಎರಡು ಪುಟ ಲಗತ್ತಿಸಿದ್ದೇನೆ, ಇದರಲ್ಲಿ ನೀವಾಗಿದ್ದರೆ ಮೊದಲು ಯಾವುದನ್ನು ತಿದ್ದುತ್ತಿದ್ದಿರಿ?’ ಎಂದು ಕೇಳಿ. ಉತ್ತರ ಕೊಡುವವರಿದ್ದಾರೆ. ಮುಂದೆ ಶಿಫಾರಸು ಮಾಡುವವರೂ ಅವರೇ.

ಪ್ರಶ್ನೋತ್ತರದಲ್ಲಿ ಬಂದ ಒಂದನ್ನು ಇಲ್ಲಿ ಸೇರಿಸುತ್ತೇನೆ. ‘ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಬರೆ, ಪಿಎಸ್‌ಸಿಗೆ (ಕೇರಳ ಲೋಕಸೇವಾ ಆಯೋಗದ ಪರೀಕ್ಷೆಗೆ) ಓದು ಎನ್ನುತ್ತಾರೆ. ಇದನ್ನೆಲ್ಲ ಬಿಟ್ಟು ನಿಮ್ಮ ಮಾತು ಕೇಳಬೇಕೇ?’ ಎಂದು ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿ ಕೇಳಿದರು. ಬಿಡಬೇಡಿ. ಬ್ಯಾಂಕ್ ಪರೀಕ್ಷೆಯ ಅಂಕಗಣಿತವೂ ಕೋಷ್ಟಕದ ಪ್ರಶ್ನೆಗಳೂ ನಾನು ಹೇಳಿದ ಎರಡನೆಯ ಹಂತಕ್ಕೆ ನೇರವಾಗಿ ಒದಗುತ್ತವೆ, ಆ ಓದು ವ್ಯರ್ಥವಲ್ಲ. ಕನ್ನಡ ಬಲ್ಲವರಿಗೆಂದೇ ಕರೆಯುವ ಪಿಎಸ್‌ಸಿ ಹುದ್ದೆಗಳಿಗೂ ಅರ್ಜಿ ಹಾಕಿ. ವಾರದಲ್ಲಿ ಒಂದು ಶನಿವಾರ ಮಧ್ಯಾಹ್ನವನ್ನು ಒಂದು ಅಂಗಡಿಯ, ಒಂದು ಘಟಕದ, ಒಂದು ಕುಟುಂಬಶ್ರೀ ಮಹಿಳಾ ಸ್ವಸಹಾಯ ಗುಂಪಿನ ಲೆಕ್ಕಕ್ಕೆ ಮೀಸಲಿಡಿ. ಮನೆಯವರಿಗೆ ಅದಕ್ಕೆ ಕನ್ಸಲ್ಟಿಂಗ್ ಎನ್ನುತ್ತಾರೆಂದು ಹೇಳಲೇಬೇಕಾಗಿಲ್ಲ. ಬರುವ ವರ್ಷದ ಅರ್ಜಿ ಹಾಕುವ ಮುನ್ನ ಆ ಎರಡು ಪುಟಗಳನ್ನು ನನಗೆ ಕಳುಹಿಸಿ, ನನ್ನ ವಿಳಾಸ ನಿಮ್ಮ ಉಪನ್ಯಾಸಕರಲ್ಲಿದೆ.